ಇಪ್ಪತ್ತಾರನೆಯ ಗಾಯಕದೋಷ

ಸಂಗೀತಶಾಸ್ತ್ರದಲ್ಲಿ ಏಳೆಂಟು ಶತಮಾನಗಳಿಂದ ಉಳಿದುಬಂದಿರುವ ಒಂದು ಲೋಪವನ್ನು ತುಂಬಿಕೊಡುವುದು ಪ್ರಸ್ತುತ ಪ್ರಬಂಧದ ಉದ್ದೇಶ. ದೇವಗಿರಿಯ ಯಾದವ ದೊರೆ ಸಿಂಘಣನ ಆಸ್ಥಾನದಲ್ಲಿದ್ದ ಶಾರ್ಙ್ಗದೇವ ತನ್ನ ‘ಸಂಗೀತ ರತ್ನಾಕರ’ದ ಪ್ರಕೀರ್ಣಕಾಧ್ಯಾಯದಲ್ಲಿ ಗಾಯಕರ ದೋಷಗಳು ಇಪ್ಪತ್ತೈದು ಎಂದು ಎಣಿಸಿಟ್ಟಿದ್ದಾನೆ. ಹಲ್ಲು ಕಚ್ಚಿಕೊಂಡು ಹಾಡುವವನು ಸಂದಷ್ಟ, ಬಾಯಿ ವಿಕಾರವಾಗಿ ತೆರೆಯುವವನು ಕರಾಳಿ, ಕಾಗೆಕಂಠದವನು ಕಾಕಿ, ಒಂಟೆಯ ಹಾಗೆ ಕತ್ತು ಚಾಚುವವನು ಕರಭ, ಕಣ್ಣು ಮುಚ್ಚಿಕೊಂಡು ಹಾಡುವವನು ನಿಮೀಲಕ. (ಈ ಕೊನೆಯದನ್ನು ಜಾರಿಗೆ ತಂದರೆ ನಮ್ಮ ಅರ್ಧ ವಿದ್ವಾಂಸರು ವೇದಿಕೆ ಇಳಿಯಬೇಕಾಗುತ್ತದೆ, ಆ ಗೊಡವೆ ಇಲ್ಲಿ ಬೇಡ.) ಪಟ್ಟಿಯನ್ನು ಆರೋಹಣದಲ್ಲೂ ಅವರೋಹಣದಲ್ಲೂ ಜಾಲಾಡಿದ್ದಾಯಿತು. ಗಾಯಕ ಯಾರಿಗೆ ಓಟು ಹಾಕುತ್ತಾನೆ, ಯಾವ ಮನವಿಗೆ ಸಹಿ ಹಾಕಿದ, ಮನೆಯವರೊಡನೆ ಹೇಗಿದ್ದಾನೆ ಎಂಬ ದೋಷ ಒಂದೂ ಸಿಗಲಿಲ್ಲ. ಶಾರ್ಙ್ಗದೇವ ಮರೆತ ಎನ್ನೋಣವೆಂದರೆ ಅವನು ಆಸ್ಥಾನದ ಲೆಕ್ಕಪತ್ರದ ಮುಖ್ಯಾಧಿಕಾರಿ. ಲೆಕ್ಕದವರು ಕಾಲಂ ಖಾಲಿ ಬಿಡುವವರಲ್ಲ.

ಇನ್ನೂ ಸೋಜಿಗವೆಂದರೆ, ಅದೇ ಅಧ್ಯಾಯದಲ್ಲಿ ವಾಗ್ಗೇಯಕಾರನ ಲಕ್ಷಣ ಹೇಳುವಾಗ ಆತ ರಾಗದ್ವೇಷಗಳನ್ನು ತೊರೆದಿರಬೇಕು ಎಂದು ಷರತ್ತು ಹಾಕಿದ್ದಾನೆ. ಹಾಡು ಕಟ್ಟುವವನಿಗೆ ಶೀಲವೂ ಬೇಕು, ಹಾಡುವವನಿಗೆ ಶಾರೀರ ಸಾಕು ಎಂದಾಯಿತು. ಈ ಅಳತೆಗೋಲು ಹಿಡಿದು ಹೊರಟರೆ ಜರ್ಮನಿಯ ರಿಚರ್ಡ್ ವ್ಯಾಗ್ನರ್ ಮೊದಲ ಮೆಟ್ಟಿಲಲ್ಲೇ ಎಡವುತ್ತಾನೆ. ತನ್ನ ಆಪೆರಾಗಳ ಮಾತನ್ನೂ ಮಟ್ಟನ್ನೂ ತಾನೇ ಬರೆದನಾದ್ದರಿಂದ ಅವನು ಅಪ್ಪಟ ವಾಗ್ಗೇಯಕಾರ. 1850ರಲ್ಲಿ ಯೆಹೂದಿ ಸಂಗೀತಗಾರರನ್ನು ಹೀಗಳೆದು, ಅದೂ ಸುಳ್ಳುಹೆಸರಿನಲ್ಲಿ, ಲೇಖನ ಬರೆದನಾದ್ದರಿಂದ ದ್ವೇಷ ತೊರೆದವನಲ್ಲ. ಆದಕಾರಣ ಅವನು ವಾಗ್ಗೇಯಕಾರನಲ್ಲ. ಆದಕಾರಣ ಆ ಆಪೆರಾಗಳನ್ನು ಯಾರೂ ಬರೆದಿಲ್ಲ. ತರ್ಕದಲ್ಲಿ ದೋಷವಿಲ್ಲ. ಹದಿನೈದು ಗಂಟೆಯ ಆಸುಪಾಸಿನ ‘ರಿಂಗ್’ ಅನ್ನು ಕೂತು ಕೇಳಿದವರ ಬೆನ್ನುನೋವಿಗೆ ಬೇರೆ ಕಾರಣ ಹುಡುಕಬೇಕು, ಅಷ್ಟೆ.

ನಮ್ಮ ಕಡೆ ಈ ಷರತ್ತನ್ನು ದಾಖಲೆಸಮೇತ ಪೂರೈಸಿದವರೆಂದರೆ ಪುರಂದರದಾಸರೇ. ಐತಿಹ್ಯದ ಪ್ರಕಾರ ನವಕೋಟಿ ನಾರಾಯಣ, ಕೈಬಿಗಿ. ಮೂಗುತಿಯ ಪ್ರಸಂಗವಾದ ಮೇಲೆ ಸಕಲವನ್ನೂ ದಾನಮಾಡಿ ಹೊರಟರು, ಹಾಡು ಬಂದದ್ದು ಆಮೇಲೆ. ಪಶ್ಚಾತ್ತಾಪ ಮೊದಲು, ಪದ ಆಮೇಲೆ ಎಂಬ ಈ ಕ್ರಮವನ್ನು ಎಲ್ಲ ಕಲಾವಿದರೂ ಪಾಲಿಸಿದ್ದರೆ ಈ ಪ್ರಬಂಧದ ಅಗತ್ಯವೇ ಬೀಳುತ್ತಿರಲಿಲ್ಲ.

ಈಗ ಪೂರ್ವಪಕ್ಷ. “ನಾದಕ್ಕೆ ನಡತೆ ಎಲ್ಲಿಯದು ಸ್ವಾಮಿ? ಷಡ್ಜ ಷಡ್ಜವೇ” ಎನ್ನುತ್ತಾನೆ ಪೂರ್ವಪಕ್ಷಿ. ಇದನ್ನು ಪ್ರತ್ಯಕ್ಷಪ್ರಮಾಣದಿಂದ ಖಂಡಿಸಬಹುದು. ಬೆಂಗಳೂರಿನ ಚಾಮರಾಜಪೇಟೆ, ಕೋಟೆ ಹೈಸ್ಕೂಲು ಮೈದಾನ, ರಾಮನವಮಿಯ ಪಂಡಾಲು. ಕಲ್ಯಾಣಿಯ ಆಲಾಪನೆ ನಡೆದಿದೆ. ಸಹೃದಯನೊಬ್ಬ ‘ಭೇಷ್’ ಎನ್ನಲು ಬಾಯಿ ತೆರೆದಿದ್ದಾನೆ. ಪಕ್ಕದ ಕುರ್ಚಿಯವರು ಬಾಗಿ, “ಗೊತ್ತಾಯ್ತಲ್ಲ, ಇವರು ಆ ಕಡೆಯವರು” ಎಂದು ಉಸುರುತ್ತಾರೆ. ತೆರೆದ ಬಾಯಿ ಆಕಳಿಕೆಯಲ್ಲಿ ಮುಗಿಯುತ್ತದೆ. ಪ್ರತಿಮಧ್ಯಮ ಕೊಂಚ ಎಡಕ್ಕೆ (ಸಹೃದಯನೇ ಎಡದವನಾಗಿದ್ದರೆ ಬಲಕ್ಕೆ) ವಾಲಿದಂತೆ ಕೇಳಿಸತೊಡಗುತ್ತದೆ. ಗಮಕದಲ್ಲಿ ಅಹಂಕಾರ, ಸ್ವರಪ್ರಸ್ತಾರದಲ್ಲಿ ಅಜೆಂಡಾ. ಪಲ್ಲವಿ ಮುಗಿಯುವ ಹೊತ್ತಿಗೆ ಪಕ್ಕದವರು ಮತ್ತೆ ಬಾಗುತ್ತಾರೆ: “ಅಲ್ಲಾರೀ, ನಾನು ಹೇಳಿದ್ದು ಪಿಟೀಲಿನವರ ವಿಷಯ.” ಪ್ರತಿಮಧ್ಯಮ ಕೂಡಲೇ ಸ್ವಸ್ಥಾನಕ್ಕೆ ಮರಳುತ್ತದೆ, ಪಿಟೀಲು ಅಪಶ್ರುತಿಯಾಗುತ್ತದೆ. ಹೀಗೆ ದೋಷವು ಗಾಯಕನ ಗಂಟಲಲ್ಲಾಗಲಿ ಕೇಳುಗನ ಕಿವಿಯಲ್ಲಾಗಲಿ ಇರದೆ ಪಕ್ಕದ ಕುರ್ಚಿಯಲ್ಲಿ ಹುಟ್ಟಿತಾದ್ದರಿಂದ ಇದಕ್ಕೆ ‘ಪಾರ್ಶ್ವಶ್ರುತ’ ಎಂದು ನಾಮಕರಣ ಮಾಡುತ್ತೇವೆ. ಅಭಿನವಗುಪ್ತ ಏಳು ರಸವಿಘ್ನಗಳನ್ನು ಹೇಳಿ, ಕೇಳುಗ ತನ್ನದೇ ಸುಖದುಃಖದಲ್ಲಿ ಮುಳುಗಿಹೋಗುವುದನ್ನೂ ಅವುಗಳಲ್ಲಿ ಸೇರಿಸಿದ. ಪಕ್ಕದವರನ್ನು ಸೇರಿಸಲಿಲ್ಲ. ಕಾಶ್ಮೀರದಲ್ಲಿ ಪಂಡಾಲುಗಳಿರಲಿಲ್ಲವೆಂದು ಕಾಣುತ್ತದೆ.

ದೋಷ ಎಷ್ಟು ದೂರ ಹೋದರೆ ಎಷ್ಟು ಕರಗುತ್ತದೆ? ಇಟಲಿಯ ವೆನೋಸಾದ ರಾಜಕುಮಾರ ಕಾರ್ಲೋ ಜೆಸುವಾಲ್ಡೋ 1590ರಲ್ಲಿ ನೇಪಲ್ಸಿನ ತನ್ನ ಅರಮನೆಯಲ್ಲಿ ಹೆಂಡತಿಯನ್ನೂ ಅವಳ ಪ್ರಿಯಕರನನ್ನೂ ಕೊಂದ. ರಾಜವಂಶದವನಾದ್ದರಿಂದ ಶಿಕ್ಷೆಯಾಗಲಿಲ್ಲ. ಆಮೇಲೆ ಅವನು ರಚಿಸಿದ ಮ್ಯಾಡ್ರಿಗಲ್‌ಗಳ ವಿಚಿತ್ರ ಸ್ವರಸಂಯೋಜನೆಗೆ ಇಂದಿಗೂ ರಸಿಕರು ತಲೆದೂಗುತ್ತಾರೆ. 1960ರಲ್ಲಿ ಸ್ಟ್ರಾವಿನ್‌ಸ್ಕಿ ಅವನ ಗೌರವಾರ್ಥ ಒಂದು ಕೃತಿಯನ್ನೇ ಕಟ್ಟಿದ. ಜೋಡಿಕೊಲೆಯನ್ನು ಈಗ ಕಾರ್ಯಕ್ರಮದ ಕೈಹೊತ್ತಿಗೆಯಲ್ಲಿ ಆಕರ್ಷಣೆಯಾಗಿ ಅಚ್ಚುಹಾಕುತ್ತಾರೆ. ಕೊಲೆಗೆ ನಾಲ್ಕು ಶತಮಾನ ಸಾಕೆಂದಾಯಿತು. ಟ್ವೀಟಿಗೆ ಎಷ್ಟು ಬೇಕೆಂಬುದು ಇನ್ನೂ ಇತ್ಯರ್ಥವಾಗಿಲ್ಲ.

ಕಾಲದ ಜೊತೆಗೆ ‘ಅಳಿಯ ನ್ಯಾಯ’ವೂ ಕೆಲಸ ಮಾಡುತ್ತದೆ. ಮನೆಯಳಿಯ ಕುಡಿದರೆ ಆಯಾಸ, ಪಕ್ಕದ ಮನೆಯ ಅಳಿಯ ಕುಡಿದರೆ ದುಶ್ಚಟ. ನಮಗೆ ಮೆಚ್ಚಾದ ಗಾಯಕ ರಾಜಕೀಯ ಮಾತಾಡಿದರೆ ನಾಗರಿಕ ಪ್ರಜ್ಞೆ, ಒಲ್ಲದವರು ಅದನ್ನೇ ಮಾಡಿದರೆ “ಹಾಡೋ ಕೆಲಸ ನೋಡ್ಕೊಳ್ಳಬಾರದಾ?” 2024ರ ಮಾರ್ಚಿನಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿ ಟಿ.ಎಂ. ಕೃಷ್ಣ ಅವರಿಗೆ ಸಂಗೀತ ಕಲಾನಿಧಿ ಘೋಷಿಸಿದಾಗ ರಂಜನಿ–ಗಾಯತ್ರಿ ಸೋದರಿಯರು ಮೊದಲಾದವರು ಆ ವರ್ಷದ ವೇದಿಕೆಯಿಂದ ಹಿಂದೆ ಸರಿದರು; ಎಂ.ಎಸ್. ಸುಬ್ಬುಲಕ್ಷ್ಮಿ ಹೆಸರಿನ ಪ್ರಶಸ್ತಿಯ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಆ ಗದ್ದಲದಲ್ಲಿ ಕೃಷ್ಣ ಅವರ ತೋಡಿ ಹೇಗಿದೆ ಎಂಬ ಚರ್ಚೆ ನಮ್ಮ ಕಿವಿಗೆ ಬೀಳಲಿಲ್ಲ. ಮೃದಂಗಕ್ಕೆ ಚರ್ಮ ಹದಮಾಡಿ ಕೊಡುವವರು ಯಾರು ಎಂದು ಹುಡುಕಿ ಪುಸ್ತಕ ಬರೆದವರು ಅವರು. ಶಾಸ್ತ್ರಕ್ಕೆ ಚರ್ಮದ ನಾದ ಸಮ್ಮತ, ಚರ್ಮದ ವಿಚಾರ ಅಪಸ್ವರ.

ಸರ್ಕಾರವೂ ಈ ಕ್ಷೇತ್ರದಲ್ಲಿ ಪ್ರಯೋಗ ನಡೆಸಿದೆ. ತುರ್ತುಪರಿಸ್ಥಿತಿಯಲ್ಲಿ ಕಾಂಗ್ರೆಸ್ಸಿನ ಪ್ರಚಾರಕ್ಕೆ ಹಾಡಲು ಒಲ್ಲೆನೆಂದ ಕಿಶೋರ್ ಕುಮಾರ್ ಹಾಡುಗಳು 1976ರಲ್ಲಿ ಆಕಾಶವಾಣಿಯಿಂದ ಮಾಯವಾದವು. ಫಲಿತಾಂಶ: ಹಾಡುಗಳ ರಸ ಒಂದು ಶ್ರುತಿಯಷ್ಟೂ ಇಳಿಯಲಿಲ್ಲ, ರೇಡಿಯೊ ಮಾತ್ರ ಸಪ್ಪೆಯಾಯಿತು. ಅದಕ್ಕೂ ಮೊದಲು, ಸ್ವಾತಂತ್ರ್ಯದ ಆಸುಪಾಸಿನಲ್ಲಿ, ಖಾಸಗಿ ಬದುಕು ಊರಿಗೆಲ್ಲ ಹಗರಣವಾದವರನ್ನು ರೇಡಿಯೊದಲ್ಲಿ ಹಾಡಿಸಕೂಡದು ಎಂದೊಂದು ನಿಯಮ ಬಂದಿತ್ತು. ಅದರ ಏಟು ಬಿದ್ದದ್ದು ಬಾಯೀಜಿಗಳ ಮೇಲೆ, ಠುಮ್ರಿಯನ್ನು ಮೂರು–ನಾಲ್ಕು ತಲೆಮಾರು ಸಾಕಿದ ಹೆಂಗಸರ ಮೇಲೆ. ಅವರ ಮಹಡಿ ಹತ್ತಿ ಇಳಿದ ರಾಜರಿಗೂ ಜಮೀನ್ದಾರರಿಗೂ ನಡತೆಯ ಪ್ರಮಾಣಪತ್ರ ಯಾರೂ ಕೇಳಲಿಲ್ಲ; ಅವರು ಹಾಡುತ್ತಿರಲಿಲ್ಲವಷ್ಟೆ. ಇಪ್ಪತ್ತಾರನೆಯ ದೋಷ ಸುಲಭವಾಗಿ ಹಿಡಿಯುವುದು ಯಾರನ್ನು ಎಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

ಇಷ್ಟು ಹೊತ್ತಿಗೆ ಪೂರ್ವಪಕ್ಷಿ ಗೆದ್ದೆನೆಂದು ಮೀಸೆ ತಿರುವುತ್ತಿದ್ದಾನೆ. ಅವನನ್ನು 1981ರ ಟೆಲ್ ಅವೀವ್‌ಗೆ ಕರೆದೊಯ್ಯಬೇಕು. 1938ರಲ್ಲಿ ಜರ್ಮನಿಯಲ್ಲಿ ಯೆಹೂದಿಗಳ ಮನೆ, ಮಂದಿರಗಳು ಹೊತ್ತಿ ಉರಿದ ಮೇಲೆ ಟೆಲ್ ಅವೀವಿನ ವಾದ್ಯವೃಂದ ವ್ಯಾಗ್ನರನನ್ನು ಕೈಬಿಟ್ಟಿತ್ತು. ನಲವತ್ತಕ್ಕೂ ಮಿಕ್ಕಿ ವರ್ಷಗಳ ನಂತರ ಜುಬಿನ್ ಮೆಹ್ತಾ, ಬೇಡದವರು ಎದ್ದುಹೋಗಬಹುದು ಎಂದು ಹೇಳಿ, ಕಛೇರಿಯ ಕೊನೆಗೆ ಅವನ ‘ಟ್ರಿಸ್ಟಾನ್’ ಎತ್ತಿಕೊಂಡರು. ಪ್ರೇಕ್ಷಕರನ್ನು ಕುರ್ಚಿಗೆ ಕರೆದು ಕೂರಿಸುವ ಕೆಲಸದವನೊಬ್ಬ, ನಾಜಿಗಳ ಕೈಯಿಂದ ಉಳಿದುಬಂದವನು, ವೇದಿಕೆಯ ಹತ್ತಿರ ಹೋಗಿ ಅಂಗಿ ಸರಿಸಿ ಮೈಮೇಲಿನ ಗಾಯದ ಕಲೆ ತೋರಿಸಿದ. ವ್ಯಾಗ್ನರ್ ಸತ್ತದ್ದು 1883ರಲ್ಲಿ, ಹಿಟ್ಲರ್ ಹುಟ್ಟಿದ್ದು 1889ರಲ್ಲಿ ಎಂಬ ಕಾಲಾನುಕ್ರಮಣಿಕೆಯನ್ನು ಆ ಹೊತ್ತಿನಲ್ಲಿ ಅವನ ಮುಂದೆ ಓದುವ ಧೈರ್ಯ ಯಾವ ಶಾಸ್ತ್ರಜ್ಞನಿಗಿದೆ? 2001ರಲ್ಲಿ ಜೆರುಸಲೇಮಿನಲ್ಲಿ ಡೇನಿಯಲ್ ಬ್ಯಾರೆನ್‌ಬಾಯ್ಮ್ ವ್ಯಾಗ್ನರನನ್ನು ನುಡಿಸಲೇ ಎಂದು ಸಭೆಯನ್ನೇ ಕೇಳಿದರು. ಅರ್ಧ ಗಂಟೆ ವಾಗ್ವಾದ. ಕೆಲವರು ಬಾಗಿಲು ದಢಾರನೆ ಬಡಿದು ಹೋದರು. ಉಳಿದವರು ಕೇಳಿ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇಬ್ಬರದೂ ಒಂದೇ ಸಂಗೀತ. ಇಲ್ಲಿ ಪಾರ್ಶ್ವಶ್ರುತ ಹೊಂದುವುದಿಲ್ಲ, ಪಕ್ಕದವರು ಹೇಳಿ ಬಂದ ಗಾಯವಲ್ಲ ಅದು.

2018ರಲ್ಲಿ, ಲೈಂಗಿಕ ಕಿರುಕುಳದ ದೂರುಗಳು ಒಂದೊಂದಾಗಿ ಹೊರಬಂದ ಮೇಲೆ, ಮ್ಯೂಸಿಕ್ ಅಕಾಡೆಮಿ ಏಳು ಮಂದಿ ಕಲಾವಿದರನ್ನು ಮಾರ್ಗಳಿ ಸಂಗೀತೋತ್ಸವದ ಪಟ್ಟಿಯಿಂದ ಬಿಟ್ಟಿತು. “ಇದರಿಂದ ನಮ್ಮ ರಸಾನುಭವಕ್ಕಾದ ನಷ್ಟ ತುಂಬಿಕೊಡುವವರು ಯಾರು?” ಎಂಬುದು ಸಹೃದಯನ ಪ್ರಶ್ನೆ. ಶಾರ್ಙ್ಗದೇವನ ಕಸುಬಿನವರಂತೆ ಖಾತೆ ಬರೆಯೋಣ. ಒಂದು ಕಡೆ: ಕೈತಪ್ಪಿದ ಏಳು ಕಛೇರಿ. ಇನ್ನೊಂದು ಕಡೆ: ಗುರುವಿನ ಮನೆಯ ಮೆಟ್ಟಿಲಿಳಿದು, ತಂಬೂರಿಯನ್ನು ಗವಸು ಹಾಕಿ ಅಟ್ಟಕ್ಕೆ ಸೇರಿಸಿ, ಬ್ಯಾಂಕ್ ಪರೀಕ್ಷೆಗೆ ಕೂತ ಹುಡುಗಿಯರು ಹಾಡಬಹುದಾಗಿದ್ದ ಕಛೇರಿಗಳು. ಅವಕ್ಕೆ ಟಿಕೆಟ್ ಅಚ್ಚಾಗಿರಲಿಲ್ಲವಾದ್ದರಿಂದ ಆ ಬಾಬ್ತು ನಷ್ಟ ಸೊನ್ನೆ ಎಂದು ಹಿಡಿಯತಕ್ಕದ್ದು. ಆಡಿಟರು ಒಪ್ಪದಿದ್ದರೆ ನಾವು ಜವಾಬ್ದಾರರಲ್ಲ.

ಕೊನೆಯದಾಗಿ ಅನುಷ್ಠಾನ. ಕಛೇರಿಗೆ ಮುನ್ನ ಶ್ರುತಿ ಸೇರಿಸುವ ಐದು ನಿಮಿಷದಲ್ಲಿ ಗಾಯಕರ ರಾಜಕೀಯ, ಸಂಸಾರ, ಹಳೆಯ ಪೋಸ್ಟುಗಳನ್ನು ನಿರೂಪಕರು ಓದತಕ್ಕದ್ದು. ಆಕ್ಷೇಪವಿದ್ದವರು ಹೊರಗೆ ನಿಂತು, ಆದರೆ ಲೌಡ್‌ಸ್ಪೀಕರಿನ ವ್ಯಾಪ್ತಿ ಮೀರದಂತೆ, ಪ್ರತಿಭಟಿಸಬಹುದು. ಮೃದಂಗ, ಘಟ, ಖಂಜಿರದವರಿಗೆ ಮಾತ್ರ ಈ ತಪಾಸಣೆಯಿಂದ ವಿನಾಯಿತಿ. ತನಿ ಆವರ್ತನ ಶುರುವಾದೊಡನೆ ಎಡ, ಬಲ, ಮಧ್ಯಮ ಎಲ್ಲ ಪಂಥದ ಸಹೃದಯರೂ ಕ್ಯಾಂಟೀನಿನ ಕ್ಯೂನಲ್ಲಿ ಇರುವುದರಿಂದ ಅವರ ನಡತೆಯಿಂದ ಕೆಡಬಹುದಾದ ರಸ ಸಭಾಂಗಣದಲ್ಲಿ ಇರುವುದಿಲ್ಲ.