ಹೆಸರು ಮಾಡಲು ಬಾರದ ನರಕ್ಕೆ

ಮಾನ್ಯ ಫೀಮರಲ್ ನರದವರಿಗೆ,

ತಮ್ಮ ಮೇಲೊಂದು ದೂರಿದೆ. ತಮಗೆ ಹೆಸರು ಮಾಡಲು ಬರುವುದಿಲ್ಲ. ತೊಡೆಯ ಹಿಂಬದಿಯ ನೆರೆಯವರನ್ನು ನೋಡಿ ಕಲಿಯಬಾರದೇ? ಬೇರು ಸ್ವಲ್ಪ ಒತ್ತಿದರೆ ಸಾಕು, ಸೊಂಟದಿಂದ ಪಾದದವರೆಗೆ ಚಳಕು ಹುಟ್ಟಿಸಿ ಮನೆಮಂದಿಯನ್ನೆಲ್ಲ ಎಬ್ಬಿಸುತ್ತಾರೆ. ಮದುವೆ ಮನೆಯ ಪಂಕ್ತಿಯಲ್ಲಿ ಸಯಾಟಿಕಾ ಅಂದು ನೋಡಿ, ನಾಲ್ಕು ಜನ ನಾಲ್ಕು ಎಣ್ಣೆ ಹೇಳುತ್ತಾರೆ. ತಮ್ಮ ಹೆಸರೆತ್ತಿದರೆ, ‘ಅದ್ಯಾವ ಕಂಪನಿ?’ ಅನ್ನುತ್ತಾರೆ.

ಕೆಲಸವೇನು ಕಡಿಮೆಯೇ? ಸೊಂಟದ ಎರಡು, ಮೂರು, ನಾಲ್ಕನೆಯ ಬೇರುಗಳಿಂದ ಹೊರಟು, ಸೋಯಾಸ್ ಸ್ನಾಯುವಿನೊಳಗೇ ಒಂದಾಗಿ, ತೊಡೆಸಂದಿನಲ್ಲಿ ಕೆಳಗಿಳಿಯುತ್ತೀರಿ. ಅಲ್ಲಿ ಬೆರಳಿಟ್ಟರೆ ದೊಡ್ಡ ರಕ್ತನಾಳ ಮಿಡಿದು ತನ್ನ ಇರವು ಸಾರುತ್ತದೆ. ತಾವು ಅದರ ಹೊರಮಗ್ಗುಲಲ್ಲಿ ಸುಮ್ಮನೆ ಸಾಗುತ್ತೀರಿ. ಸುಮಾರು 4 ಸೆಂಟಿಮೀಟರ್ ಇಳಿಯುವಷ್ಟರಲ್ಲಿ ಕವಲೊಡೆದು, ತೊಡೆಯ ಮುಂಭಾಗದ ಕ್ವಾಡ್ರಿಸೆಪ್ಸ್‌ಗೆ ಮಂಡಿ ನೆಟ್ಟಗೆ ಮಾಡೆಂದು ಅಪ್ಪಣೆ ಕೊಡುತ್ತೀರಿ. ತಮ್ಮ ಒಂದು ಎಳೆಯಂತೂ ಪಾದದ ಒಳಬದಿಯವರೆಗೆ ಹೋಗಿ ಚರ್ಮದ ಸುದ್ದಿ ತರುತ್ತದೆ. ರನ್ನನಿಂದ ಹಿಡಿದು ಎಷ್ಟು ಕವಿಗಳು ದುರ್ಯೋಧನನ ತೊಡೆ ಮುರಿದದ್ದನ್ನು ಹಾಡಲಿಲ್ಲ! ಅಷ್ಟು ದಿನ ಆ ತೊಡೆ ಯಾರ ದಯದಿಂದ ನಿಂತಿತ್ತೆಂದು ಒಬ್ಬರೂ ಕೇಳಲಿಲ್ಲ.

1875ರಲ್ಲಿ ಅವಕಾಶ ತಾನಾಗಿ ಬಂದಿತ್ತು. ಮಂಡಿಚಿಪ್ಪಿನ ಕೆಳಗೆ ತಟ್ಟಿದರೆ ಕಾಲು ಚಿಮ್ಮುತ್ತದೆಂದು ಜರ್ಮನಿಯ ವೈದ್ಯರಾದ ಎರ್ಬ್ ಮತ್ತು ವೆಸ್ಟ್‌ಫಾಲ್ ಬೇರೆಬೇರೆಯಾಗಿ ಬರೆದರು. ಸುದ್ದಿಯನ್ನು ಬೆನ್ನುಹುರಿಗೆ ಒಯ್ದವರೂ ತಾವೇ, ಉತ್ತರ ತಂದವರೂ ತಾವೇ. ಕೀರ್ತಿ ಮಾತ್ರ ಡಾಕ್ಟರ ಸುತ್ತಿಗೆಗೆ ಹೋಯಿತು.

ಸೊಂಟದ ಒಳಗೆ ರಕ್ತ ಹೆಪ್ಪುಗಟ್ಟಿ ಒತ್ತಿಯೋ, ಸಕ್ಕರೆ ಕಾಯಿಲೆಯಿಂದಲೋ ತಾವು ಸೊರಗಿದಿರಿ ಎನ್ನೋಣ. ಸಮನೆಲದಲ್ಲಿ ಹೇಗೋ ನಡೆದವರು ಮೆಟ್ಟಿಲಿಳಿಯುವಾಗ ಮಂಡಿ ಮಡಚಿ ಕುಸಿಯುತ್ತಾರೆ. ಅಂಗೈಯಿಂದ ತೊಡೆಯನ್ನು ಒತ್ತಿ ಹಿಡಿದು ಒಂದೊಂದೇ ಹೆಜ್ಜೆ ಇಡುತ್ತಾರೆ. ಆಗಲೂ ಮನೆಯವರು ಬೈಯುವುದು ಮಂಡಿ ಸವೆತವನ್ನೇ. ಮೆಡಿಕಲ್ ಶಾಪಿನಿಂದ ನೀಕ್ಯಾಪ್ ಬರುತ್ತದೆ.

ತಮ್ಮನ್ನು ಚೆನ್ನಾಗಿ ಬಲ್ಲವರು ಅರಿವಳಿಕೆ ಡಾಕ್ಟರುಗಳು. ಬಚ್ಚಲಲ್ಲಿ ಜಾರಿ ತೊಡೆಮೂಳೆ ಮುರಿದುಕೊಂಡ ಅಜ್ಜಿ ಬಂದರೆ, ಅಲ್ಟ್ರಾಸೌಂಡಿನಲ್ಲಿ ತಮ್ಮನ್ನು ಹುಡುಕಿ ಪಕ್ಕಕ್ಕೇ ಮದ್ದು ಚುಚ್ಚುತ್ತಾರೆ. ಅಂತೂ ಗುರುತಿಸಿದವರೂ ಗುರುತಿಸಿದ್ದು ಬಾಯಿ ಮುಚ್ಚಿಸಲಿಕ್ಕೆ.

ಆದ್ದರಿಂದ ಅಪರೂಪಕ್ಕಾದರೂ ಸಣ್ಣಗೆ ನೋಯುವ ಅಭ್ಯಾಸ ಮಾಡಿಕೊಳ್ಳಿ. ನನ್ನ ಕಾಲಲ್ಲಿ ಮಾತ್ರ ಬೇಡ. ಮನೆ ಮೂರನೇ ಮಹಡಿಯಲ್ಲಿದೆ, ಲಿಫ್ಟ್ ಕೆಟ್ಟಿದೆ.

ಇತಿ,
ತಮ್ಮ ಖರ್ಚಿನಲ್ಲಿ ಮೆಟ್ಟಿಲು ಹತ್ತುತ್ತಿರುವ ಒಬ್ಬ ಬಾಡಿಗೆದಾರ