ಜವಳಿ ಸಾಹೇಬರು

ಬ್ಯಾಂಕಿನವರಿಗೆ ವರ್ಗಾವಣೆ ಹೊಸದಲ್ಲ. ನಮ್ಮ ಧಾರವಾಡಕ್ಕೆ ವರ್ಗವಾಗಿ ಬರುವ ಬ್ಯಾಂಕಿನವರೂ ಹೊಸಬರಲ್ಲ. ಮೇ ತಿಂಗಳು ಮುಗಿಯುವ ಹೊತ್ತಿಗೆ ಸಾಮಾನಿನ ಲಾರಿಗಳು ಬಂದು ಮೈಸೂರು, ಮಂಡ್ಯ, ತುಮಕೂರು ಕಡೆಯ ಒಂದೊಂದು ಸಂಸಾರವನ್ನು ಇಳಿಸಿ ಹೋಗುತ್ತವೆ. ಅವರಲ್ಲಿ ಹೆಚ್ಚಿನವರು ಕೆಲವು ವರ್ಷ ಇದ್ದು, ಪೇಢೆ ತಿಂದು, ಮಳೆಗೆ ಬೈದು, ಮತ್ತೊಂದು ಲಾರಿ ಹತ್ತುವವರೆಗೂ ಎದುರು ಮನೆಯವರಿಗೆ ಅವರ ಹೆಸರು ಗೊತ್ತಾಗಿರುವುದಿಲ್ಲ. ಅವಳಿ ಮಕ್ಕಳ ಅಪ್ಪನಿಗೆ ಈ ಸುಖ ಬರೆದಿಲ್ಲ. ಲಾರಿಯಿಂದ ಎರಡನೆಯ ತೊಟ್ಟಿಲು ಇಳಿಯುವ ಮೊದಲೇ ಅವನ ಸಂಸಾರದ ಸುದ್ದಿ ಓಣಿಯ ಆ ತುದಿ ಮುಟ್ಟಿರುತ್ತದೆ.

ಸದ್ಯ ನಮ್ಮ ಓಣಿಗೆ ಬಂದಿರುವವನು ಈ ಜಾತಿಯ ಅಪ್ಪಂದಿರಲ್ಲೇ ತೀರ ಅಚ್ಚುಕಟ್ಟು. ಮೈಸೂರಿನವನು. ಬಂದ ದಿನವೇ ಮನೆಯ ಮಾಲಕರು, "ಅಡ್ಡಹೆಸರೇನ್ರಿ?" ಎಂದು ಕೇಳಿದರು. ಪಾಪ, ಆ ಕಡೆಯವರ ಹತ್ತಿರ ಇನಿಷಿಯಲ್ ಇರುತ್ತದೆ, ಅಡ್ಡಹೆಸರು ಎಲ್ಲಿಂದ ಬರಬೇಕು? ಅವನು ತಾತನ ಹೆಸರು ಹೇಳಿದ, ಊರಿನ ಹೆಸರು ಹೇಳಿದ. ಯಾವುದೂ ಮಾಲಕರಿಗೆ ಒಪ್ಪಿಗೆಯಾಗಲಿಲ್ಲ. ನಮ್ಮಲ್ಲಿ ಅಡ್ಡಹೆಸರಿಲ್ಲದ ಮನುಷ್ಯನಿಗೆ ಮನೆ ಕೊಡಬಹುದು, ಆದರೆ ಅವನ ಬಗ್ಗೆ ಮಾತಾಡುವುದು ಹೇಗೆ? ಓಣಿ ತಾನೇ ಒಂದನ್ನು ದಯಪಾಲಿಸಿತು. ಮನೆಯಲ್ಲಿ ಜವಳಿ ಮಕ್ಕಳು, ಕೆಲಸ ಬ್ಯಾಂಕಿನಲ್ಲಿ, ಅಂದಮೇಲೆ ಜವಳಿ ಸಾಹೇಬರು. ಈಗ ಕೊರಿಯರ್ ಹುಡುಗ ಮೂಲ ಹೆಸರು ಹಿಡಿದು ವಿಚಾರಿಸಿದರೆ, "ಅಂಥವರು ಇಲ್ಲಿ ಯಾರೂ ಇಲ್ಲಪಾ" ಎಂದು ಕಳಿಸಿಬಿಡುತ್ತಾರೆ.

ಸಾಹೇಬರದು ಲೆಕ್ಕದ ಬುದ್ಧಿ. ಮಕ್ಕಳ ಸಲುವಾಗಿ ಉದ್ದನೆಯ ಒಂದು ಪುಸ್ತಕ ಇಟ್ಟಿದ್ದಾರೆ. ಎಡಗಡೆ ಮಗ, ಬಲಗಡೆ ಮಗಳು. ಕುಡಿದ ಹಾಲು ಜಮಾ, ಮಿಕ್ಕದ್ದೆಲ್ಲ ಖರ್ಚು. ರಾತ್ರಿ ಮಲಗುವ ಮುಂಚೆ ಲೆಕ್ಕ ತಾಳೆಯಾಗಬೇಕು. ತಾಳೆಯಾಗದಿದ್ದರೆ ಹೆಂಡತಿಯನ್ನು ಎಬ್ಬಿಸುತ್ತಾರೆ: "ಹತ್ತು ಗಂಟೆಯ ಹಾಲು ಇಬ್ಬರಿಗೂ ಕೊಟ್ಟೆಯಾ, ಇಲ್ಲಾ ಒಬ್ಬನಿಗೇ ಎರಡು ಸಲ ಕೊಟ್ಟೆಯಾ?" ಆಕೆ ಕಣ್ಣು ಬಿಡದೆ, "ಯಾರು ಅಳ್ತಾ ಇಲ್ವೋ ಅವರಿಗೆ ಕೊಟ್ಟಿದೀನಿ ಅಂತ ಬರ್ಕೊಳ್ರೀ" ಎನ್ನುತ್ತಾಳೆ. ನನ್ನ ಅಭಿಪ್ರಾಯ ಕೇಳಿದರೆ ಆ ಮನೆಯಲ್ಲಿ ಮಕ್ಕಳನ್ನು ಸಾಕುವವಳು ಆಕೆ. ಸಾಹೇಬರು ಆಡಿಟ್ ಮಾಡುತ್ತಾರೆ. ಆದರೂ ಯಾರಾದರೂ ಬಂದರೆ ಹೊರಗೆ ತಂದು ತೋರಿಸುವುದು ಪುಸ್ತಕವನ್ನೇ.

ಪುಸ್ತಕದಲ್ಲಿ ಕಾಲಂ ಇಲ್ಲದ ಎರಡು ಸಂಗತಿಗಳು ನಮ್ಮೂರಲ್ಲಿವೆ: ನಳ ಮತ್ತು ಮಳೆ. ನೀರು ಬರುವುದು ಸವದತ್ತಿಯ ಮಲಪ್ರಭೆಯಿಂದ. 2008ರ ಸುಮಾರಿಗೆ ಕೆಲವು ವಾರ್ಡುಗಳಿಗೆ 24 ತಾಸೂ ನೀರು ಬರುವ ಹಾಗೆ ಮಾಡಿದರು. ಉಳಿದ ಕಡೆ ನಳ ಬರುವುದೆಂದರೆ ಬೀಗರು ಬಂದ ಹಾಗೆ, ಯಾವಾಗ ಎಂದು ಕೇಳುವಂತಿಲ್ಲ, ಬಂದಾಗ ಎದ್ದು ನಿಲ್ಲಬೇಕು. ಮನೆ ನೋಡಲು ಬಂದ ದಿನ ಸಾಹೇಬರು ಕಿಟಕಿಯ ಗಾಳಿ ನೋಡಿದರು, ಅಡಿಗೆಮನೆಯ ಕಟ್ಟೆ ಅಳೆದರು, ಈಶಾನ್ಯ ಯಾವ ಕಡೆ ಎಂದು ಮೊಬೈಲಿನಲ್ಲಿ ಪರೀಕ್ಷೆ ಮಾಡಿದರು. ನಳ ಎಷ್ಟು ದಿನಕ್ಕೊಮ್ಮೆ ಎಂದು ಕೇಳಲಿಲ್ಲ. ಎರಡು ಕೂಸುಗಳ ಲಂಗೋಟಿಗೆ ಎಷ್ಟು ನೀರು ಬೇಕೆಂದು ಎರಡು ಕೂಸು ಹೆತ್ತವರಿಗೇ ಗೊತ್ತು. ಈಗ ನಡುರಾತ್ರಿ "ನೀರು ಬಿಟ್ಟಾರ್ರೀ!" ಎಂಬ ಕೂಗು ಕೇಳಿದರೆ ಓಣಿಯಲ್ಲಿ ಮೊದಲು ಹೊತ್ತುವ ದೀಪ ಅವರ ಮನೆಯದು. ಹೇಗೂ ಎದ್ದೇ ಇರುತ್ತಾರಲ್ಲ.

ಜೂನ್ ಬಂತು. ಧಾರವಾಡದ ಮಳೆ ಮೈಸೂರಿನ ಮಳೆಯಂತೆ ಸಂಜೆ ಧೋ ಎಂದು ಸುರಿದು ಮನೆಗೆ ಹೋಗುವುದಿಲ್ಲ. ಜಿಟಿಜಿಟಿ ಹಿಡಿದರೆ ವಾರಗಟ್ಟಲೆ ಅಲ್ಲೇ ಬಿಡಾರ. ಒಗೆದ ಬಟ್ಟೆ ಹಗ್ಗದ ಮೇಲೆ ಎರಡು ದಿನ ಇದ್ದು, ಹಾಕಿದ್ದಕ್ಕಿಂತ ಹೆಚ್ಚು ಒದ್ದೆಯಾಗಿ ಒಳಗೆ ಬರುತ್ತದೆ. ಸಾಹೇಬರು ನಡುಮನೆಯಲ್ಲಿ ಹಗ್ಗ ಕಟ್ಟಿದರು, ಫ್ಯಾನಿನ ಕೆಳಗೆ ಕುರ್ಚಿಗಳನ್ನು ಸಾಲಾಗಿ ನಿಲ್ಲಿಸಿದರು, ಇಸ್ತ್ರಿ ಪೆಟ್ಟಿಗೆಯಿಂದ ಲಂಗೋಟಿ ಒಣಗಿಸಿ ಹಳದಿ ಕಲೆಗೆ ಶಾಶ್ವತ ಸ್ಥಾನ ಕೊಟ್ಟರು. ಕಡೆಗೆ ಹಿಂದಿನ ಮನೆಯ ಆಯಿ ಅಗ್ಗಿಷ್ಟಿಕೆ ತಂದು, ಕೆಂಡದ ಮೇಲೆ ಬಿದಿರು ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಬಟ್ಟೆ ಹರವಿ ತೋರಿಸಿದಳು. ಹೋಗುವಾಗ ತನ್ನ ಹಳೆ ಸೀರೆಗಳಲ್ಲಿ ಹೊಲಿದ ಕೌದಿ ಒಂದನ್ನು ಕೊಟ್ಟುಹೋದಳು. ಒಂದೇ ಯಾಕೆಂದು ಸಾಹೇಬರು ಮುಖ ನೋಡಿದರು. "ಹೊಟ್ಟ್ಯಾಗ ಕೂಡೇ ಇದ್ದಾವ, ಈಗ ಬ್ಯಾರೆ ಬ್ಯಾರೆ ಹಾಸಿಗಿ ಕೇಳ್ತಾವೇನು ತಮ್ಮಾ?" ಎಂದಳು.

ಇನ್ನು ಮಕ್ಕಳ ಗಾಡಿಯ ವಿಷಯ. ಎರಡು ಕೂಸುಗಳನ್ನು ಅಕ್ಕಪಕ್ಕ ಕೂಡಿಸುವ ನಾಲ್ಕು ಗಾಲಿಯ ಗಾಡಿ. ಆನ್‌ಲೈನಿನಲ್ಲಿ ತರಿಸಿದ್ದು, ಸಾಹೇಬರ ಅರ್ಧ ಸಂಬಳ ನುಂಗಿದ್ದು. ಗೇಟಿಗಿಂತ ನಾಲ್ಕು ಬೆರಳು ಅಗಲ. ಗೇಟಿನೊಳಗೆ ಮಕ್ಕಳನ್ನು ತಿರುಗಾಡಿಸುವಷ್ಟು ಜಾಗವಿಲ್ಲ, ಹೊರಗೆ ತೆಗೆಯಲು ಗಾಡಿ ಮಡಚಬೇಕು, ಮಡಚಲು ಮಕ್ಕಳನ್ನು ಇಳಿಸಬೇಕು, ಇಳಿಸಿದರೆ ಇಬ್ಬರೂ ಚೀರುತ್ತಾರೆ. ಹೊರಗೆ ಬಂದರಂತೂ ರಾಡಿ. ಗಾಡಿ ಈಗ ಕಾಂಪೌಂಡಿನ ಬೋರ್‌ವೆಲ್ಲಿನಿಂದ ಹಿತ್ತಲಿಗೆ ನೀರಿನ ಕ್ಯಾನು ಸಾಗಿಸುತ್ತದೆ. ಎರಡು ಕ್ಯಾನು ಸರಿಯಾಗಿ ಕೂಡುತ್ತವೆ, ಬೆಲ್ಟೂ ಬಿಗಿಯುತ್ತಾರೆ.

ಅವಳಿಗಳ ವಿಷಯದಲ್ಲಿ ಸಲಹೆ ಕೊಡುವ ಹಕ್ಕು ನಮ್ಮೂರಿನವರಿಗೆ ಸ್ವಲ್ಪ ಹೆಚ್ಚೇ ಇದೆ, ಒಪ್ಪುತ್ತೇನೆ. ಹುಬ್ಬಳ್ಳಿ, ಧಾರವಾಡಗಳನ್ನು 1962ರಲ್ಲಿ ಒಂದೇ ಪಾಲಿಕೆಯ ತೊಟ್ಟಿಲಿಗೆ ಹಾಕಿದಾಗಿನಿಂದ ನಾವೂ ಅವಳಿಗಳೇ. ಹುಬ್ಬಳ್ಳಿಯ ಬಟ್ಟಲಿಗೆ ಹಾಲು ಮೊದಲು ಬಿತ್ತು, ನಮಗೆ ತಳದ್ದು ಬಂತು ಎಂಬ ಗೊಣಗಾಟ ಕೇಳಿಕೊಂಡೇ ಬೆಳೆದವರು. 2025ರ ಜನವರಿಯಲ್ಲಿ ಧಾರವಾಡಕ್ಕೆ ಬೇರೆ ಪಾಲಿಕೆ ಮಾಡಲು ಸಚಿವ ಸಂಪುಟ ಒಪ್ಪಿತು. ಆ ನಿರ್ಣಯವನ್ನೇ ಮುಂದಿಟ್ಟುಕೊಂಡು ಚಹಾದ ಅಂಗಡಿಯ ಹಿರಿಯರೊಬ್ಬರು ಸಾಹೇಬರಿಗೆ, "ಎರಡಕ್ಕೂ ಈಗಿಂದನ ಬ್ಯಾರೆ ಬ್ಯಾರೆ ಬಟ್ಲಾ ಇಡ್ರಿ, ನಮ್ಮಂಗ ಅರವತ್ತ ವರ್ಷ ಕಾಯಬ್ಯಾಡ್ರಿ" ಎಂದರು. ಸಾಹೇಬರು ಇದನ್ನೂ ಪುಸ್ತಕದಲ್ಲಿ ಬರೆದುಕೊಂಡರು.

ಹುಬ್ಬಳ್ಳಿಗೆ ಹೋಗುವ ಚಿಗರಿ ಬಸ್ಸು ಹತ್ತಿದರಂತೂ ಮುಗಿಯಿತು. ಒಂದು ಕೂಸು ಸಾಹೇಬರ ಹೆಗಲ ಮೇಲೆ, ಒಂದು ಹೆಂಡತಿಯ ಹೆಗಲ ಮೇಲೆ.

"ಎರಡೂ ಒಂದೇ ಥರಾ ಅದಾವೇನ್ರಿ?"

"ಇಲ್ಲಮ್ಮ, ಒಂದು ಗಂಡು, ಒಂದು ಹೆಣ್ಣು."

"ಅದು ಗೊತ್ತಾತ್ರಿ. ಮತ್ತ ಒಂದೇ ಥರಾ ಅದಾವೋ ಇಲ್ಲೋ?"

ಮೊದಮೊದಲು ಸಾಹೇಬರು ಒಂದೇ ಅಂಡ ಒಡೆದು ಆದ ಅವಳಿಗಳು ಹೇಗೆ, ಎರಡು ಅಂಡಗಳಿಂದ ಆದವರು ಹೇಗೆ ಎಂದು ನವಲೂರು ದಾಟುವವರೆಗೂ ವಿವರಿಸುತ್ತಿದ್ದರು. ಕೇಳಿದಾಕೆ ಎಲ್ಲ ಕೇಳಿಸಿಕೊಂಡು, "ಮೂಗು ಮಾತ್ರ ಒಂದೇ ಥರಾ ಐತಿ ಬಿಡ್ರಿ" ಎಂದು ತೀರ್ಪು ಕೊಟ್ಟು ಇಳಿದುಹೋಗುತ್ತಿದ್ದಳು. ಈಗ ಸಾಹೇಬರೂ ಶಾಣ್ಯಾ ಆಗಿದ್ದಾರೆ, "ಹೌದ್ರಿ, ಒಂದೇ ಥರಾ" ಎನ್ನುತ್ತಾರೆ.

ದೊಡ್ಡವರು ಯಾರು ಎಂಬ ಪ್ರಶ್ನೆ ಮಾತ್ರ ಇನ್ನೂ ಬಗೆಹರಿದಿಲ್ಲ. ಜನನ ಪ್ರಮಾಣಪತ್ರದ ಪ್ರಕಾರ ಮಗ ಮೊದಲು. ಓಣಿ ಒಪ್ಪುವುದಿಲ್ಲ, ಹಿಂದಿನಿಂದ ಹುಟ್ಟಿದ್ದು ಒಳಗೆ ಮೊದಲು ಹೋಗಿರಬೇಕು, ಆದ್ದರಿಂದ ಅದೇ ದೊಡ್ಡದು. ಮೂಲೆ ಮನೆಯ ನಿವೃತ್ತ ಸಂಸ್ಕೃತ ಮಾಸ್ತರರು ಭಾಗವತದ ಆಧಾರವನ್ನೇ ಕೊಟ್ಟರು: ದಿತಿಯ ಹೊಟ್ಟೆಯಿಂದ ಮೊದಲು ಹೊರಗೆ ಬಂದವನು ಹಿರಣ್ಯಾಕ್ಷ, ಗರ್ಭದಲ್ಲಿ ಮೊದಲು ನಿಂತವನು ಹಿರಣ್ಯಕಶಿಪು. ಸಾಹೇಬರು ತಲೆದೂಗಿದರು. ಒಳಗಿನಿಂದ ಹೆಂಡತಿಯ ಧ್ವನಿ ಬಂತು: "ಅವಳಿ ಮಕ್ಕಳು ಅಂದ್ರೆ ಇವರಿಗೆ ಲವ-ಕುಶರು ನೆನಪಾಗಲ್ವಂತಾ?"

ಕೂಸುಗಳಿಗೆ ಎಣ್ಣೆ ತಿಕ್ಕಿ ನೀರು ಹಾಕಲು ಒಬ್ಬಾಕೆ ಬರುತ್ತಾಳೆ. ಸಾಹೇಬರು ಆಕೆಯ ಜೊತೆ ದರದ ಮಾತಾಡಿದ್ದನ್ನು ಓಣಿ ಇನ್ನೂ ನೆನೆಸಿ ನಗುತ್ತದೆ. ಎರಡು ಕೂಸು ಇರುವುದರಿಂದ ಏನಾದರೂ ಕಡಿಮೆ ಮಾಡಬೇಕೆಂಬುದು ಅವರ ವಾದ: ನೀರು ಕಾಯಿಸುವುದು ಒಂದೇ ಸಲ, ಕಾಲು ಚಾಚಿ ಕೂರುವುದೂ ಒಂದೇ ಸಲ. ಆಕೆ ಎರಡೂವರೆ ಕೂಸಿನ ದರ ಹೇಳಿದಳು. "ಅರ್ಧ ಯಾತಕ್ಕಮ್ಮಾ?" "ಒಂದಕ್ಕ ನೀರು ಹಾಕೂ ಮುಂದ ಇನ್ನೊಂದು ಅಳತದಲ್ರೀ ಸಾಹೇಬ್ರ, ಅದನ್ನ ಯಾರು ಕೇಳಬೇಕು?" ಸಾಲದ ಅರ್ಜಿಗಳಲ್ಲಿ ನೂರೆಂಟು ತಕರಾರು ತೆಗೆಯುವ ಸಾಹೇಬರಿಗೆ ಈ ಅರ್ಧದ ಮೇಲೆ ತಕರಾರು ತೆಗೆಯಲು ಏನೂ ಸಿಗಲಿಲ್ಲ. ಕೊಟ್ಟರು.

ಬ್ಯಾಂಕಿನಲ್ಲಾದರೂ ಸಾಹೇಬರು ಸಾಹೇಬರಾಗಿ ಉಳಿಯಬೇಕಿತ್ತು. ಮೊನ್ನೆ ನಾನು ಪಿಂಚಣಿಯ ಕಾಗದ ಹಿಡಿದು ಸಾಲಿನಲ್ಲಿದ್ದೆ. ಮುಂದಿನಾಕೆಯ ಅರ್ಜಿ ನೋಡಿ ಅವರು, "ಇದರಲ್ಲಿ ಸಹಿ ಇಲ್ಲ, ನಾಳೆ ಬನ್ನಿ" ಎಂದರು ಗಟ್ಟಿಯಾಗಿ. ಆಕೆ ಅರ್ಜಿ ಮಡಚಿಕೊಳ್ಳುತ್ತ, "ಆಗಲ್ರಿ. ಕೂಸುಗಳಿಗೆ ಹಲ್ಲು ಬಂದ್ವಂತ, ಮ್ಯಾಲಿನವೋ ಕೆಳಗಿನವೋ?" ಎಂದು ಕೇಳಿದಳು.

ಸಾಲು ಸ್ತಬ್ಧವಾಯಿತು. ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಆಗಿಬರುವುದಿಲ್ಲ ಎಂಬುದು ಗೊತ್ತಿಲ್ಲದವರು ಅಲ್ಲಿ ಯಾರಿದ್ದರು?

ಸಾಹೇಬರು ಡ್ರಾಯರ್ ಎಳೆದು ಪುಸ್ತಕ ತೆಗೆದರು. ಬ್ಯಾಂಕಿಗೂ ತರುತ್ತಾರೆಂದು ನನಗೆ ಆಗಲೇ ಗೊತ್ತಾದದ್ದು. ಪುಟ ತಿರುವಿ ನೋಡಿ, "ಮಗನಿಗೆ ಕೆಳಗಿನದು... ಮಗಳಿಗೆ ಮೇಲಿನದು" ಎಂದರು.

"ಅಯ್ಯ ಶಿವನ! ಸೋದರಮಾವ ಎಷ್ಟ ಮಂದಿ ಅದಾರ್ರೀ?"

"ಒಬ್ಬನೇ."

ಒಂದು ಕೂಸಿನ ಹಲ್ಲು ಗಂಡಾಂತರ ಅನ್ನುತ್ತದೆ, ಅದೇ ಹೊಟ್ಟೆಯ ಇನ್ನೊಂದು ಕೂಸಿನ ಹಲ್ಲು ಏನೂ ಇಲ್ಲ ಅನ್ನುತ್ತದೆ. ಒಬ್ಬನೇ ಸೋದರಮಾವ ಯಾವುದನ್ನು ನಂಬಬೇಕು? ಸಾಲಿನಲ್ಲಿ ಎರಡು ಪಕ್ಷಗಳಾದವು. ಟೋಕನ್ ನಂಬರು ನಿಂತಲ್ಲೇ ನಿಂತಿತು. ಗದ್ದಲ ಕೇಳಿ ಮ್ಯಾನೇಜರರು ಕ್ಯಾಬಿನ್ನಿನಿಂದ ಹೊರಗೆ ಬಂದು, ವಿಷಯ ತಿಳಿದು, ಅವರೂ ಅಲ್ಲೇ ನಿಂತರು. ಇಷ್ಟು ಹೊತ್ತೂ ತಲೆ ಎತ್ತದೆ ನೋಟು ಎಣಿಸುತ್ತಿದ್ದ ಕ್ಯಾಶಿಯರು ಕಟ್ಟಿಗೆ ರಬ್ಬರು ಹಾಕಿ ಹೇಳಿದರು:

"ಒಂದು ಜಮಾ, ಒಂದು ಖರ್ಚು. ಲೆಕ್ಕ ಚುಕ್ತಾ ಆತು. ಮುಂದಿನವರು ಬರ್ರಿ."