ಏರು ಬಂದಲ್ಲಿ ಇಳಿಯುವುದು

ಬಯಲುಸೀಮೆಗೆ ಆ ಹೆಸರನ್ನಿಟ್ಟ ಪುಣ್ಯಾತ್ಮನು ಯಾರೇ ಆಗಿರಲಿ, ಸೈಕಲ್ ಸವಾರನಂತೂ ಆಗಿರಲಾರನೆಂಬುದು ಐವತ್ತು ವರ್ಷಗಳ ಅನುಭವದಿಂದ ನನಗೆ ದೃಢವಾಗಿರುವ ಸಂಗತಿ. ಕಮಾನುಗಾಡಿಯಲ್ಲಿ ಹುಲ್ಲು ಹಾಸಿಕೊಂಡು, ಅದರ ಮೇಲೊಂದು ಜಮಖಾನವನ್ನು ಹರಡಿಕೊಂಡು, ಏರಿನ ಶ್ರಮವನ್ನೆಲ್ಲ ಎತ್ತುಗಳ ಹೆಗಲಿಗೆ ಬಿಟ್ಟು ನಿದ್ರಿಸುತ್ತ ಹೋದವನ ಕಣ್ಣಿಗೆ ಮಾತ್ರವೇ ಮಾಡದಕೆರೆಯ ಸುತ್ತಲಿನ ನಾಡು ಬಯಲಾಗಿ ಕಂಡೀತು. ಪೆಡಲು ತುಳಿದವನ ಮೊಣಕಾಲುಗಳು ಬೇರೆಯೇ ಒಂದು ಭೂಗೋಳವನ್ನು ಬಲ್ಲವು: ದಿಣ್ಣೆ, ತಗ್ಗು, ಹಳ್ಳ, ಮತ್ತೆ ದಿಣ್ಣೆ.

ಹೊಸದುರ್ಗ ತಾಲ್ಲೂಕಿನ ಹೋಬಳಿಯೊಂದರ ಮುಖ್ಯ ಊರಾದ ಈ ಮಾಡದಕೆರೆಯಿಂದ ಯಾವ ದಿಕ್ಕಿಗೆ ಹೊರಟರೂ, ದಾರಿಯ ಸ್ವಭಾವವನ್ನು ಸೇರಬೇಕಾದ ಊರಿನ ಹೆಸರಿನಿಂದಲೇ ಊಹಿಸಬಹುದೆಂದು ಯೌವನದಲ್ಲಿ ನಾನೊಂದು ಸಿದ್ಧಾಂತವನ್ನು ಕಟ್ಟಿಕೊಂಡಿದ್ದೆ. ಹೆಸರಿನ ಕೊನೆಯಲ್ಲಿ ‘ಕೆರೆ’ಯಿದ್ದರೆ ಇಳಿಜಾರು ನಿಶ್ಚಯ, ನೀರು ತಗ್ಗಿನಲ್ಲಲ್ಲದೆ ಬೇರೆಲ್ಲಿಯೂ ನಿಲ್ಲದಷ್ಟೆ. ಆದರೆ ಆ ಸುಖವನ್ನು ನಂಬಿ ಕೆಡಬಾರದು. ಕೆರೆಯ ಕಟ್ಟೆಯನ್ನು ನಮ್ಮ ಪೂರ್ವಿಕರು ‘ಏರಿ’ಯೆಂದು ಕರೆದಿರುವುದು ಸುಮ್ಮನೆಯಲ್ಲ. ‘ದುರ್ಗ’ವೆಂದರೆ ಹೋಗುವುದಕ್ಕೆ ಕಷ್ಟವಾದದ್ದೆಂದು ಸಂಸ್ಕೃತ ನಿಘಂಟೇ ಮುನ್ನೆಚ್ಚರಿಕೆಯನ್ನು ಕೊಟ್ಟಿರುವಾಗ, ಚಿತ್ರದುರ್ಗಕ್ಕೋ ಹೊಸದುರ್ಗಕ್ಕೋ ಹೊರಟವನು ಆಮೇಲೆ ದೂರುವಂತಿಲ್ಲ. ‘ಗಿರಿ’ಯ ವಿಷಯದಲ್ಲಿ ಸಂದೇಹಕ್ಕೆ ಅವಕಾಶವೇ ಇಲ್ಲ; ರಾಮಗಿರಿಯ ಬುಡದಲ್ಲಿ ಸೈಕಲ್ಲಿಗೆ ಬೀಗ ಹಾಕಿ ಬರಿಗಾಲಿನಲ್ಲಿ ಬೆಟ್ಟ ಹತ್ತುವವನೇ ಜಾಣ. ಎಲ್ಲಕ್ಕಿಂತ ಪ್ರಾಮಾಣಿಕವಾದ ಹೆಸರೆಂದರೆ ‘ಹೊಸದುರ್ಗ ರೋಡ್’ ಎಂಬ ರೈಲು ನಿಲ್ದಾಣದ್ದು. ಅಲ್ಲಿ ಇಳಿದವನಿಗೆ ಸಿಕ್ಕುವುದು, ಹೆಸರಿಗೆ ಒಂದಿಷ್ಟೂ ತಪ್ಪದಂತೆ, ರೋಡು ಮಾತ್ರ; ಹೊಸದುರ್ಗವು ಆ ರೋಡಿನ ಇನ್ನೊಂದು ತುದಿಯಲ್ಲಿ ಬಹುದೂರದಲ್ಲಿದೆ.

ಏರು ಬಂದಲ್ಲಿ ನಾನು ಇಳಿಯುತ್ತೇನೆ. ಇದನ್ನು ದೌರ್ಬಲ್ಯವೆಂದು ಹಳಿಯುವವರಿಗೆ ನಾನು ಕೊಡುವ ಉತ್ತರವು ಶಾಸ್ತ್ರೀಯವಾದುದು: 1817ರಲ್ಲಿ ಜರ್ಮನಿಯ ಕಾರ್ಲ್ ಡ್ರಾಯಿಸನು ಎರಡು ಚಕ್ರಗಳ ಮೊದಲ ಮರದ ವಾಹನವನ್ನು ಹೊರತಂದಾಗ ಅದಕ್ಕೆ ಪೆಡಲೂ ಇರಲಿಲ್ಲ, ಚೈನೂ ಇರಲಿಲ್ಲ, ಸವಾರನು ನೆಲವನ್ನು ಕಾಲಿನಿಂದ ಒದೆಯುತ್ತ ಮುಂದೆ ಸಾಗಬೇಕಾಗಿತ್ತು. ಆದುದರಿಂದ ಹ್ಯಾಂಡಲನ್ನು ಹಿಡಿದು, ಬೆನ್ನನ್ನು ಬಾಗಿಸಿ, ನೆಲವನ್ನು ತುಳಿಯುತ್ತ ನಾನು ದಿಣ್ಣೆಯನ್ನೇರುವಾಗ ಸನಾತನ ಪದ್ಧತಿಯೊಂದನ್ನು ಪಾಲಿಸುತ್ತಿದ್ದೇನೆಯೇ ಹೊರತು ಸೋತಿದ್ದೇನೆಂದು ಅರ್ಥವಲ್ಲ. ಇಷ್ಟಲ್ಲದೆ, ಸವಾರಿ ಮಾಡುವವನ ಕಣ್ಣೆಲ್ಲ ಮುಂದಿನ ಗುಂಡಿಯ ಮೇಲೆ. ತಳ್ಳಿಕೊಂಡು ಹೋಗುವವನು ಮಾತ್ರವೇ ಅಕ್ಕಪಕ್ಕಗಳನ್ನು ನೋಡಬಲ್ಲನು. ನಮ್ಮ ಸೀಮೆಯ ಇತಿಹಾಸದಲ್ಲಿ ನನಗೆ ತಿಳಿದಿರುವಷ್ಟನ್ನೂ ನಾನು ಸೈಕಲ್ಲಿನಿಂದ ಇಳಿದು ಕಲಿತದ್ದು, ಅದರಲ್ಲಿಯೂ ಮುಕ್ಕಾಲು ಪಾಲು ಇಷ್ಟವಿಲ್ಲದೆ ಇಳಿದು.

ಮತ್ತೋಡನ್ನೇ ತೆಗೆದುಕೊಳ್ಳಿ. ಅಲ್ಲಿಗೆ ಹೋಗಬೇಕೆಂಬ ಸಂಕಲ್ಪವು ನನಗಿರಲಿಲ್ಲ, ನೆಗ್ಗಿಲು ಮುಳ್ಳಿಗಿತ್ತು. ಹಳದಿಯ ಪುಟ್ಟ ಹೂವನ್ನರಳಿಸಿ ಸಾಧುವಿನಂತೆ ನೆಲಕ್ಕಂಟಿಕೊಂಡಿರುವ ಈ ಬಳ್ಳಿಯನ್ನು ವೈದ್ಯರು ಗೋಕ್ಷುರವೆಂದು ಕರೆದು ಮೂತ್ರರೋಗಗಳಿಗೆ ಔಷಧವಾಗಿ ಕೊಡುತ್ತಾರೆ. ಅದರ ಕಾಯಿಯು ಹೇಗೆ ಬಿದ್ದರೂ ಒಂದು ಮುಳ್ಳು ಮೇಲ್ಮುಖವಾಗಿಯೇ ಇರುವುದೆಂಬುದು ಸವಾರನಿಗೆ ಪಾಠವಾಗುವುದು ಟ್ಯೂಬಿನ ಮೂಲಕ. ಗಾಳಿ ತುಂಬುವ ಟೈರಿಗೆ 1888ರಲ್ಲಿ ಹಕ್ಕುಪತ್ರವನ್ನು ಪಡೆದ ಡನ್‌ಲಪ್ ಮಹಾಶಯನು ಬೆಲ್‌ಫಾಸ್ಟಿನಲ್ಲಿ ಪಶುವೈದ್ಯನಾಗಿದ್ದನಂತೆ. ದನದ ಗೊರಸುಗಳನ್ನು ಅಷ್ಟೊಂದು ನೋಡಿದ್ದವನು ಗೋಕ್ಷುರವೊಂದನ್ನು ಕಂಡಿದ್ದಿದ್ದರೆ ಆ ಸಾಹಸಕ್ಕೆ ಕೈಹಾಕುತ್ತಿರಲಿಲ್ಲ. ಅಂತೂ ಮುಂಗಾಲಿಯ ಗಾಳಿ ಹೋಗಿ ಮತ್ತೋಡಿನಲ್ಲಿ ಕುಳಿತೆ. ಪ್ಯಾಚು ಒಣಗುವವರೆಗೆ ಹಿರಿಯರೊಬ್ಬರು ತಮ್ಮ ಊರಿನ ಹಳೆಯ ವೈಭವವನ್ನು ಹೇಳಿದರು: ಒಂದು ಕಾಲಕ್ಕೆ ಅದು ಗಾಜಿನ ಬಳೆಗಳ ಊರು. 1800-01ರಲ್ಲಿ ಈ ನಾಡಿನಲ್ಲೆಲ್ಲ ಸುತ್ತಾಡಿದ ಫ್ರಾನ್ಸಿಸ್ ಬುಕಾನನನು ಅಲ್ಲಿನ ಗಾಜಿನ ಕೆಲಸವನ್ನು ಕಂಡು ತನ್ನ ಪ್ರವಾಸಕಥನದಲ್ಲಿ ವಿವರವಾಗಿ ಬರೆದಿಟ್ಟಿದ್ದಾನೆ. ಸೌಳು ಮಣ್ಣಿನಿಂದ ತೆಗೆದ ಕ್ಷಾರವನ್ನೂ ಬೆಣಚುಕಲ್ಲಿನ ಪುಡಿಯನ್ನೂ ಕುಲುಮೆಯಲ್ಲಿ ಕರಗಿಸಿ ಬಳೆ ಮಾಡುತ್ತಿದ್ದ ಕುಶಲಿಗಳ ಊರಿನಲ್ಲಿ ಇಂದು ಬಳೆ ಬೇಕಾದವರು ಅಂಗಡಿಗೆ ಹೋಗಿ ಹೊರಗಿನ ಮಾಲನ್ನೇ ಕೊಳ್ಳಬೇಕು. ಗಾಜಿನ ಊರಿಗೆ ಪಂಕ್ಚರಾಗಿ ಬಂದವನು ಗಾಜಿನಿಂದ ಪಂಕ್ಚರಾಗಿರಲಿಲ್ಲವಲ್ಲ ಎಂಬ ಸಣ್ಣ ವ್ಯಸನವೊಂದು ನನಗೆ ಇಂದಿಗೂ ಉಂಟು. ಹಾಗಾಗಿದ್ದರೆ ಈ ಪ್ರಬಂಧಕ್ಕೆ ಎಷ್ಟೋ ಶೋಭೆ ಬರುತ್ತಿತ್ತು.

ಹೊಳಲ್ಕೆರೆಯಲ್ಲಿ ನನ್ನನ್ನು ಇಳಿಸಿದ್ದು ಮಳೆ. ಆಸರೆಗೆಂದು ದೇವಸ್ಥಾನವನ್ನು ಹುಡುಕಿಕೊಂಡು ಓಡಿದವನಿಗೆ ಎದುರಾದವನು, ಊರಿನ ದೇವರುಗಳಲ್ಲೆಲ್ಲ, ಬಯಲು ಗಣಪತಿ! ಹದಿನೈದನೆಯ ಶತಮಾನದಿಂದಲೂ ಬಿಸಿಲಿಗೂ ಮಳೆಗೂ ಒಡ್ಡಿಕೊಂಡು ಪ್ರಸನ್ನನಾಗಿಯೇ ಕುಳಿತ ಆ ಬೃಹನ್ಮೂರ್ತಿಯ ಮುಂದೆ ನಾನೂ ನೆನೆಯುತ್ತ ನಿಂತೆ. ವಿಘ್ನಗಳನ್ನು ನಿವಾರಿಸುವವನೇ ತೊಯ್ಯುತ್ತಿರುವಾಗ ಛತ್ರಿಗಾಗಿ ಪ್ರಾರ್ಥಿಸುವುದು ಔಚಿತ್ಯವೆನಿಸಲಿಲ್ಲ. ಇನ್ನು ಚಿತ್ರದುರ್ಗದ ಏಳು ಸುತ್ತಿನ ಕೋಟೆಯ ಬಗೆಗೆ ನಾನೇನನ್ನೂ ಹೇಳಹೊರಟಿಲ್ಲ. ಅದನ್ನು ಕನ್ನಡಿಗರೆಲ್ಲರೂ ಸಿನಿಮಾದಲ್ಲಿ ನೋಡಿದ್ದಾರೆ, ಮತ್ತು ಅದರೊಳಕ್ಕೆ ಸೈಕಲ್ಲು ಹೋಗುವುದಿಲ್ಲ.

ಹಳ್ಳಿಗಳ ಜನಕ್ಕೆ ನನ್ನ ಈ ಸಂಚಾರದ ಪ್ರಯೋಜನವನ್ನು ಮನಗಾಣಿಸಲು ಐವತ್ತು ವರ್ಷಗಳಲ್ಲಿ ನನ್ನಿಂದಾಗಿಲ್ಲ. ಹುಣಸೆಮರದ ಕೆಳಗೆ ಬೆವರೊರೆಸಿಕೊಳ್ಳುತ್ತ ನಿಂತರೆ ಸಾಕು, “ಎತ್ಲಾಗ್ ಹೊಂಟ್ರಿ ಮೇಷ್ಟ್ರೇ?” ಎಂಬ ಪ್ರಶ್ನೆ. ಸುಮ್ಮನೆ ಊರು ನೋಡಲು ಎಂದರೆ ಯಾರೂ ನಂಬರು. “ಹೆಣ್ಣು ನೋಡಾಕಾ?” ಎಂದು ಮೊದಮೊದಲು ಕೇಳುತ್ತಿದ್ದರು, ಮಧ್ಯವಯಸ್ಸಿನಲ್ಲಿ, “ಮಗಳಿಗೆ ಗಂಡು ನೋಡಾಕಾ?” ಎಂದರು, ಈಗ ನನ್ನ ಬಿಳಿಯ ತಲೆಯನ್ನು ನೋಡಿ, “ಯಾಕ್ ಸ್ವಾಮಿ, ಮನೇಲಿ ಏನಾರ ಮಾತು ಬಂತಾ?” ಎಂದು ಕನಿಕರದಿಂದ ಮಜ್ಜಿಗೆ ತಂದು ಕೊಡುತ್ತಾರೆ. ಇದ್ದುದರಲ್ಲಿ ಈ ಮೂರನೆಯ ಪ್ರಶ್ನೆಯೇ ಲಾಭದಾಯಕವಾದುದರಿಂದ ಅದನ್ನು ನಾನು ತಿದ್ದಲು ಹೋಗುವುದಿಲ್ಲ.

ಆದರೆ ಏರು, ಮುಳ್ಳು, ಮಳೆ ಈ ಮೂರೂ ಸೇರಿದರೂ ಆಷಾಢದ ಗಾಳಿಗೆ ಸಮನಾಗಲಾರವು. ಪಡುವಣದಿಂದ ಮೂಡಣಕ್ಕೆ ಹಗಲಿರುಳೆನ್ನದೆ ಬೀಸುವ ಈ ಗಾಳಿಯನ್ನು ನಂಬಿಯೇ ಇಂದು ನಮ್ಮ ಗುಡ್ಡಗಳ ನೆತ್ತಿಯ ಮೇಲೆಲ್ಲ, ಊರಿನವರು ‘ಫ್ಯಾನು’ಗಳೆಂದು ಕರೆಯುವ, ವಿದ್ಯುತ್ ಯಂತ್ರಗಳನ್ನು ನೆಟ್ಟಿದ್ದಾರೆ. 1971ರಲ್ಲಿ ಫ್ಯಾನುಗಳಿರಲಿಲ್ಲ, ಗಾಳಿ ಮಾತ್ರ ಇತ್ತು. ಕಾಲೇಜಿನ ಹುಡುಗನಾಗಿದ್ದ ನಾನು ಆ ಆಷಾಢದಲ್ಲಿ ಮಾರಿಕಣಿವೆಯನ್ನು ನೋಡಲು ಹೊರಟು, ಪೆಡಲನ್ನೇ ತುಳಿಯದೆ ಹಾಯಿದೋಣಿಯಂತೆ ತೇಲಿಹೋಗಿ, ನನ್ನ ಕಾಲಿನ ಶಕ್ತಿಗೆ ನಾನೇ ಬೆರಗಾದೆ. ಹೆಸರಿಗೆ ವಾಣಿವಿಲಾಸ ಸಾಗರ. ಮೈಸೂರಿನ ರಾಜಮಾತೆಯ ಹೆಸರನ್ನು ಹೊತ್ತು, ಎರಡು ಗುಡ್ಡಗಳ ನಡುವೆ ವೇದಾವತಿಯನ್ನು ತಡೆದು, 1907ರ ಸುಮಾರಿಗೆ ಕಟ್ಟಿ ಮುಗಿಸಿದ ಕಲ್ಲಿನ ಅಣೆಕಟ್ಟು. ನೂರಮೂವತ್ತು ಅಡಿ ನೀರು ನಿಂತರೆ ಕೋಡಿ ಬೀಳಬೇಕು. ಅಲ್ಲಿಯವರೆಗೆ ಅದು ಬಿದ್ದದ್ದು 1933ರಲ್ಲಿ ಒಮ್ಮೆ.

ಹಿಂದಿರುಗುವಾಗ ನನ್ನ ಕಾಲಿನ ಶಕ್ತಿಯ ನಿಜವಾದ ಒಡೆಯನು ಯಾರೆಂಬುದು ತಿಳಿಯಿತು. ಇಳಿಜಾರಿನಲ್ಲಿಯೂ ಪೆಡಲು ತುಳಿಯಬೇಕಾಯಿತು. ನಡುದಾರಿಯಲ್ಲಿ ಹಿಂದಿನ ಟೈರು ಒಡೆಯಿತು. ಮಿಕ್ಕ ದಾರಿಯನ್ನೆಲ್ಲ ಡ್ರಾಯಿಸನ ಪೂರ್ವಕಾಲದ ಪದ್ಧತಿಯಲ್ಲಿ ಕ್ರಮಿಸಿ, ದೀಪ ಹಚ್ಚುವ ಹೊತ್ತಿಗೆ ಸೈಕಲ್ ಶಾಪಿನ ಮುಂದೆ ನಿಂತೆ. ಯಜಮಾನರು ಹಳೆಯದೊಂದು ಟೈರನ್ನು ಹಾಕಿಕೊಟ್ಟು ಮೂರೂವರೆ ರೂಪಾಯಿ ಎಂದರು. ಜೇಬಿನಲ್ಲಿ ಇದ್ದುದು ಗಾಳಿಯೊಂದೇ.

“ಯಾವತ್ತು ಕೊಡ್ತೀಯಪ್ಪ?” ಎಂದರು.

“ಮಾರಿಕಣಿವೆ ಕೋಡಿ ಬಿದ್ದ ದಿವ್ಸ ಕೊಡ್ತೀನಿ, ಮಾವ,” ಎಂದೆ.

ಅವರು ನಗಲಿಲ್ಲ. ಉದ್ದನೆಯ ಲೆಕ್ಕದ ಪುಸ್ತಕವನ್ನು ತೆಗೆದು, ‘ಮೇಷ್ಟ್ರ ಮಗ, 3-50, ಕೋಡಿ ಬಿದ್ದಾಗ’ ಎಂದು ಬರೆದುಕೊಂಡರು. ಯಜಮಾನರು ತೀರಿಕೊಂಡರು, ನಾನೂ ಮೇಷ್ಟ್ರಾಗಿ ನಿವೃತ್ತನಾದೆ, ವೇದಾವತಿಯು ನನ್ನ ಮಾನವನ್ನು ಕಾಪಾಡಿಕೊಂಡೇ ಬಂದಳು. ಕೊನೆಗೆ 2022ರಲ್ಲಿ, ಮಳೆಯೂ ವಿಪರೀತವಾಗಿ, ಭದ್ರಾ ಮೇಲ್ದಂಡೆಯ ನೀರೂ ಬಂದು ಸೇರಿ, ಎಂಬತ್ತೊಂಬತ್ತು ವರ್ಷಗಳ ಮೇಲೆ ಸೆಪ್ಟೆಂಬರ್ ತಿಂಗಳಲ್ಲಿ ಕೋಡಿ ಬಿತ್ತು. ಜಿಲ್ಲೆಯ ಜನವೆಲ್ಲ ಜಾತ್ರೆಯಂತೆ ನೋಡಲು ಹೋದ ದಿನ ನಾನು ಮನೆಯಲ್ಲಿಯೇ ಇದ್ದೆ. ಸಂಜೆಗೆ ಯಜಮಾನರ ಮಗನು ಗೆದ್ದಲು ತಿಂದ ಅದೇ ಪುಸ್ತಕವನ್ನು ಕಂಕುಳಲ್ಲಿರಿಸಿಕೊಂಡು ಜಗಲಿಯ ಮೇಲೆ ಬಂದು ಕುಳಿತ.

ನಾಲ್ಕು ರೂಪಾಯಿ ಕೊಟ್ಟೆ. ಬಡ್ಡಿಯನ್ನು ಅವನು ಕೇಳಲಿಲ್ಲವೆಂಬುದನ್ನು ಕೃತಜ್ಞತೆಯಿಂದ ಸ್ಮರಿಸುತ್ತೇನೆ. ಚಿಲ್ಲರೆ ಎಂಟಾಣೆ ಅವನಲ್ಲಿರಲಿಲ್ಲ. “ಮುಂದಿನ್ ಸಲ ಕೋಡಿ ಬಿದ್ದಾಗ ಕೊಡ್ತೀನಿ ಬಿಡಿ ಮೇಷ್ಟ್ರೇ,” ಎಂದು ನಕ್ಕು, ಅದನ್ನೂ ಪುಸ್ತಕದಲ್ಲಿ ಬರೆದುಕೊಂಡು ಎದ್ದುಹೋದ. ಇನ್ನೊಂದು ಎಂಬತ್ತೊಂಬತ್ತು ವರ್ಷಗಳ ಲೆಕ್ಕಾಚಾರ ಅವನದು.

2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು. ಎರಡು ಸಲ ಹೇಳಿಕಳುಹಿಸಿದ್ದೇನೆ. ಎಂಟಾಣೆ ಇನ್ನೂ ಬಂದಿಲ್ಲ.